ನಿನ್ನೆಯನ್ನು ಕೇಳುವ ತೂಕದಕ್ಕ

ಬೆಳಗಿನ ಐದೂ ಮುಕ್ಕಾಲು. ಆಸ್ಪತ್ರೆಯ ಉದ್ದನೆಯ ಕಾರಿಡಾರಿನ ತುದಿಯಲ್ಲಿ, ಒಗೆದ ಹಾಸಿಗೆ ಬಟ್ಟೆಗಳನ್ನು ಪೇರಿಸಿಡುವ ಕೋಣೆಯ ಪಕ್ಕದಲ್ಲಿ ಒಂದು ಬಾಗಿಲ ಬೀಗ ತೆರೆಯುತ್ತದೆ. ಒಳಗೆ ಬಂದ ಹೆಂಗಸು ದೀಪ ಹಾಕುತ್ತಾರೆ, ಕೈಚೀಲವನ್ನು ಮೊಳೆಗೆ ತೂಗುಹಾಕುತ್ತಾರೆ, ಮೂಲೆಯಲ್ಲಿರುವ ಇಪ್ಪತ್ತು ಕೆಜಿಯ ಕಬ್ಬಿಣದ ತೂಕದ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಎತ್ತಿ ತೂಕದ ಯಂತ್ರದ ಮೇಲೆ ಇಡುತ್ತಾರೆ. ಮುಳ್ಳು ಸ್ವಲ್ಪ ಹೊತ್ತು ಆಚೀಚೆ ಆಡಿ ಇಪ್ಪತ್ತೂವರೆಯ ಮೇಲೆ ನಿಲ್ಲುತ್ತದೆ.

"ಇವತ್ತೂ ಅರ್ಧ ಕೆಜಿ ಸುಳ್ಳು ಹೇಳ್ತಿದೆ ನೋಡಿ. ಮೂವತ್ತು ವರ್ಷದ ಮೆಷಿನ್ನು, ಅದಕ್ಕೂ ಬೆಳಿಗ್ಗೆ ಮೈ ಹಿಡ್ಕೊಂಡಿರತ್ತೆ" ಎನ್ನುತ್ತಾ ಬಗ್ಗಿ ಕೆಳಗಿನ ತಿರುಪನ್ನು ಹಳೆಯ ಚಮಚದ ಹಿಡಿಯಿಂದ ತಿರುಗಿಸುತ್ತಾರೆ. ಮುಳ್ಳು ಇಪ್ಪತ್ತಕ್ಕೆ ಇಳಿಯುತ್ತದೆ. ಬಗ್ಗಿದವರು ಏಳುವಾಗ ಒಂದು ಕೈ ಮೇಜಿನ ಮೇಲೆ, ಇನ್ನೊಂದು ಮಂಡಿಯ ಮೇಲೆ. ಎದ್ದು ನಿಂತ ಮೇಲೆ ಅರೆಗಳಿಗೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ದಿನ ಇನ್ನೂ ಶುರುವಾಗಿಲ್ಲ, ದಣಿವು ಮಾತ್ರ ಆಗಲೇ ಬಂದು ಕೂತಿದೆ.

ಆಮೇಲೆ ಮೇಜಿನ ಖಾನೆಯಿಂದ ಒಂದು ಹಳದಿ ಕಾರ್ಡು ತೆಗೆದು, ಕಾರ್ಡುಗಳ ಡಬ್ಬಿಯಲ್ಲಿ ಎಲ್ಲಕ್ಕಿಂತ ಮುಂದೆ ನಿಲ್ಲಿಸುತ್ತಾರೆ. ಎರಡು ವರ್ಷದಿಂದ ಒಂದು ದಿನವೂ ತಪ್ಪದೆ ಮಾಡುತ್ತಿರುವ ಕೆಲಸ ಇದು. ಆ ಕಾರ್ಡಿನ ಒಡತಿ ಎರಡು ವರ್ಷದಿಂದ ಬಂದಿಲ್ಲ. ಕಾರ್ಡು ಇಡುವವರಿಗೆ ಈ ತಿಂಗಳ ಕೊನೆಗೆ ನಿವೃತ್ತಿ. ನಡುವೆ ಉಳಿದಿರುವುದು ಹತ್ತೊಂಬತ್ತು ದಿನ.

"ಅವಳೊಬ್ಬಳು ಬಂದುಬಿಟ್ರೆ ಸಾಕು" ಎನ್ನುತ್ತಾರೆ, ಹೊರಗಿನ ಬೆಂಚಿನ ಕಡೆ ನೋಡುತ್ತಾ. ಬೆಂಚಿನ ಮೇಲೆ ಆಗಲೇ ಆರು ಜನ ಕೂತಿದ್ದಾರೆ. ಅವರಲ್ಲಿ ಅವಳಿಲ್ಲ.

ಇವರಿಗೊಂದು ಸ್ವಂತ ಹೆಸರು ಇದೆ, ಸಂಬಳದ ಪುಸ್ತಕದಲ್ಲಿ. ಉಳಿದಂತೆ ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಇವರು 'ತೂಕದಕ್ಕ'. ಮೈಭಾರ ಇಳಿಸಿಕೊಳ್ಳಬೇಕಾದವರನ್ನು ಆಸ್ಪತ್ರೆಯ ಎಲ್ಲ ವಿಭಾಗಗಳೂ ಈ ಕೋಣೆಗೆ ಕಳಿಸುತ್ತವೆ. ಮಂಡಿ ನೋವಿನವರು, ಸಕ್ಕರೆ ಕಾಯಿಲೆಯವರು, ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂರುವವರು. ದಿನಕ್ಕೆ ಎಷ್ಟು ಕ್ಯಾಲೊರಿ ತಿಂದರೆ ಮೈ ಹದವಾಗಿ ಇಳಿಯುತ್ತದೆ, ಎಷ್ಟಕ್ಕಿಂತ ಕಮ್ಮಿಯಾದರೆ ಮೈಯೇ ಕೆಡುತ್ತದೆ ಎಂದು ಒಬ್ಬೊಬ್ಬರಿಗೂ ಬೇರೆ ಬೇರೆ ಲೆಕ್ಕ ಹಾಕಿ, ಚೀಟಿಯಲ್ಲಿ ಬರೆದು ಕೊಡುವುದು ಇವರ ಕೆಲಸ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಒಂದೂವರೆಯವರೆಗೆ ನಲವತ್ತು ಜನ. ತಲೆಗೆ ಹನ್ನೊಂದು ನಿಮಿಷ. ಏಳು ನಿಮಿಷ ಸಾಕು ಎಂದು ದೊಡ್ಡ ಡಾಕ್ಟರು ಮೂರು ಸಲ ಹೇಳಿದ್ದಾರೆ. ತೂಕದಕ್ಕ ಮೂರು ಸಲವೂ "ಆಗ್ಲಿ ಸರ್" ಎಂದು ತಲೆಯಾಡಿಸಿ ಬಂದು, ಹನ್ನೊಂದೇ ತೆಗೆದುಕೊಳ್ಳುತ್ತಿದ್ದಾರೆ.

ಯಂತ್ರದ ಮುಖ ಅವರ ಕಡೆಗಿದೆ. ಮೇಲೆ ನಿಂತವರಿಗೆ ಕಾಣುವುದು ಬರೀ ತಗಡು, ಅದರ ಮೇಲೆ ಅಂಟಿಸಿದ ಒಂದು ಹಳೆಯ ಹೂವಿನ ಚಿತ್ರ. ಇವರಿಗೆ ಮುಂಚೆ ಇದ್ದವರು ತೂಕವನ್ನು ಕಾರಿಡಾರಿನ ಆ ತುದಿಗೆ ಕೇಳುವಂತೆ ಕೂಗುತ್ತಿದ್ದರಂತೆ. ಬೆಂಚಿನವರೆಲ್ಲ ಕತ್ತು ತಿರುಗಿಸಿ ನೋಡುತ್ತಿದ್ದರಂತೆ. "ಒಂದ್ಸಲ ತೊಂಬತ್ತೆಂಟು ಅಂತ ಕೂಗಿದ್ರು. ಆ ಹೆಂಗಸು ಹಿಂದೆ ನೋಡದೆ ಹೋದವಳು ಮತ್ತೆ ಬರ್ಲೇ ಇಲ್ಲ. ತೂಕ ಅನ್ನೋದು ಅವರವರ ಮನೆ ಗುಟ್ಟು ಕಣ್ರಿ. ಡಂಗುರ ಸಾರೋಕೆ ನಾವ್ಯಾರು?" ಈಗ ಇಲ್ಲಿ ಅಂಕಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಡಚಿದ ಚೀಟಿ ಕೈಯಿಂದ ಕೈಗೆ ಹೋಗುತ್ತದೆ.

ತೂಕದಕ್ಕ ಓದಿದ್ದು ಎಂಟನೇ ತರಗತಿ. ಇಪ್ಪತ್ತೈದನೇ ವಯಸ್ಸಿನಲ್ಲಿ ಈ ಆಸ್ಪತ್ರೆಯ ಅಡುಗೆಮನೆಗೆ ಆಲೂಗಡ್ಡೆ ಸಿಪ್ಪೆ ತೆಗೆಯಲು ಸೇರಿದರು. ರೋಗಿಗಳ ತಟ್ಟೆಗೆ ಅನ್ನ ಎಷ್ಟು, ಬೇಳೆ ಎಷ್ಟು ಎಂದು ಸಣ್ಣ ತಕ್ಕಡಿಯಲ್ಲಿ ತೂಗಿ ಹಾಕುವ ಕೆಲಸ ಬಂತು. ಅಲ್ಲಿ ಪಥ್ಯದ ಉಸ್ತುವಾರಿಗೆ ಒಬ್ಬರು ಮೇಡಂ ಇದ್ದರು. ಅವರಿಗೆ ಕಣ್ಣು ಮಂಜಾಗುತ್ತಾ ಬಂದಾಗ ಅಂಕಿಗಳನ್ನು ಓದಿ ಹೇಳಲು ಈ ಸಿಪ್ಪೆ ತೆಗೆಯುವವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಓದಿ ಹೇಳುತ್ತಾ ಹೇಳುತ್ತಾ ಲೆಕ್ಕವೂ ಬಂತು. ಮೇಡಂ ಹೋದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಮಂಗಳವಾರಕ್ಕೊಮ್ಮೆ ಇನ್ನೊಂದು ಆಸ್ಪತ್ರೆಯಿಂದ ಒಬ್ಬ ತಜ್ಞೆ ಬಂದು, ವಾರದ ಕಾರ್ಡುಗಳನ್ನೆಲ್ಲ ನೋಡಿ ಸಹಿ ಹಾಕಿ ಹೋಗುತ್ತಾರೆ. ಹದಿನೇಳು ವರ್ಷದಿಂದ ಲೆಕ್ಕ ತೂಕದಕ್ಕನದು, ಸಹಿ ಇನ್ನೊಬ್ಬರದು. ಹುದ್ದೆಯ ಹೆಸರು ಇವತ್ತಿಗೂ 'ಅಡುಗೆಮನೆ ಸಹಾಯಕಿ'.

ಇದನ್ನು ಕೇಳಿದರೆ ನಮಗೆ ಹೊಟ್ಟೆ ಉರಿಯುತ್ತದೆ. ಅವರಿಗೆ ಉರಿದು ಉರಿದು ಆರಿದೆ. "ಹುದ್ದೆ ಹೆಸರಲ್ಲಿ ಯಾರ ಮೈ ಇಳಿಯತ್ತೆ ಬಿಡಿ" ಎಂದು ಪೆನ್ಸಿಲ್ ಚೂಪು ಮಾಡತೊಡಗುತ್ತಾರೆ.

ಮೊದಲು ಒಳಗೆ ಬರುವವನು ಒಬ್ಬ ಲಾರಿ ಡ್ರೈವರ್. ಐವತ್ತೊಂದು ವರ್ಷ. ಕುರ್ಚಿ ಅವನಿಗೆ ಸಾಲದು ಎಂದು ಗೊತ್ತಿದ್ದವರಂತೆ ತೂಕದಕ್ಕ ಕೋಣೆಯೊಳಗಿನ ಸಣ್ಣ ಬೆಂಚಿನ ಕಡೆ ಕೈ ತೋರಿಸುತ್ತಾರೆ. ತೂಕ ನೋಡಿದ್ದಾಯಿತು, ಗೋಡೆಗೆ ಬರೆದ ಗೆರೆಗಳ ಮುಂದೆ ನಿಲ್ಲಿಸಿ ಎತ್ತರ ಅಳೆದದ್ದಾಯಿತು. ಲೆಕ್ಕ ಶುರುವಾಗುತ್ತದೆ. ತೂಕವನ್ನು ಹತ್ತರಿಂದ ಗುಣಿಸು. ಎತ್ತರದ ಸೆಂಟಿಮೀಟರನ್ನು ಆರೂಕಾಲರಿಂದ ಗುಣಿಸಿ ಅದಕ್ಕೆ ಸೇರಿಸು. ವಯಸ್ಸಿನ ಐದರಷ್ಟು ಕಳೆ. ಗಂಡಸಾದರೆ ಐದು ಕೂಡಿಸು, ಹೆಂಗಸಾದರೆ ನೂರ ಅರವತ್ತೊಂದು ಕಳೆ. "ಹೆಂಗಸು ಅಂದ್ರೆ ಇಲ್ಲೂ ಕಳೆಯೋದೇ" ಎಂದು ನಗುತ್ತಾರೆ. ಈ ನಗೆಮಾತನ್ನು ದಿನಕ್ಕೆ ಇಪ್ಪತ್ತು ಸಲ ಹೇಳಿ ಹೇಳಿ ಅವರಿಗೇ ಬೇಜಾರಾಗಿದೆ, ಆದರೂ ಹೇಳುತ್ತಾರೆ.

ಸಿಕ್ಕಿದ ಅಂಕಿ, ಇಡೀ ದಿನ ಸುಮ್ಮನೆ ಮಲಗಿದ್ದರೂ ಒಳಗಿನ ಒಲೆ ಆರದಿರಲು ಬೇಕಾದ ಸೌದೆಯಷ್ಟು. ಅದರ ಮೇಲೆ ಮನುಷ್ಯ ಎಷ್ಟು ಓಡಾಡುತ್ತಾನೆ, ಎಷ್ಟು ದುಡಿಯುತ್ತಾನೆ ಎಂಬುದಕ್ಕೆ ತಕ್ಕಂತೆ ಇನ್ನೊಂದು ಗುಣಾಕಾರ. ಕೂತೇ ಇರುವವನಿಗೆ ಒಂದೂ ಕಾಲಿಗಿಂತ ಸ್ವಲ್ಪ ಕಮ್ಮಿ, ಮೈ ಬಗ್ಗಿಸಿ ದುಡಿಯುವವನಿಗೆ ಒಂದೂವರೆಗಿಂತ ಸ್ವಲ್ಪ ಜಾಸ್ತಿ. ಬಂದದ್ದರಲ್ಲಿ ಐನೂರು ಕಳೆದರೆ ವಾರಕ್ಕೆ ಅರ್ಧ ಕೆಜಿಯಂತೆ ಮೈ ನಿಧಾನವಾಗಿ ಇಳಿಯುತ್ತದೆ. ಅದಕ್ಕಿಂತ ಅವಸರ ಬೇಡ. ಮತ್ತೆ ಹೆಂಗಸಿಗೆ ಸಾವಿರದ ಇನ್ನೂರು, ಗಂಡಸಿಗೆ ಸಾವಿರದ ಐನೂರಕ್ಕಿಂತ ಕೆಳಗೆ ಹೋಗಲೇಬಾರದು. ಇಡೀ ಶಾಸ್ತ್ರ ಇಷ್ಟೇ. ಕೂಡುವುದು, ಕಳೆಯುವುದು ಬರುವ ಯಾರಾದರೂ ಮಾಡಬಹುದು.

"ಮಾಡಬಹುದು" ಎಂದು ತೂಕದಕ್ಕನೂ ಒಪ್ಪುತ್ತಾರೆ. "ಆದ್ರೆ ಆ ದುಡಿಮೆ ಅಂಕಿ ಇದೆ ನೋಡಿ, ಅದು ತಕ್ಕಡೀಲಿ ಸಿಗಲ್ಲ. ಅದನ್ನ ಬಾಯಿಂದ ತೆಗೀಬೇಕು."

ಡ್ರೈವರನ ಬಾಯಿಂದ ಬಂದದ್ದು: "ನಂದು ಮೈ ಮುರಿಯೋ ಕೆಲಸ ಅಕ್ಕ. ದಿನಕ್ಕೆ ಹದಿನಾಲ್ಕು ಗಂಟೆ."

"ನಿನ್ನೆ ಬೆಳಿಗ್ಗೆ ಎದ್ದಾಗಿಂದ ರಾತ್ರಿ ಮಲಗೋವರೆಗೆ ಏನೇನು ಮಾಡಿದ್ರಿ, ಒಂದೊಂದೇ ಹೇಳಿ."

ಅವನು ಹೇಳುತ್ತಾ ಹೋಗುತ್ತಾನೆ. ಎದ್ದೆ, ಲಾರಿ ಹತ್ತಿದೆ. ಗೋದಾಮಿನ ಮುಂದೆ ಮೂರು ಗಂಟೆ ಕಾದೆ. ಮೂಟೆ ಹೊತ್ತವರು ಬೇರೆಯವರು. ಮತ್ತೆ ಲಾರಿ ಹತ್ತಿದೆ. ತೂಕದಕ್ಕ ಪೆನ್ಸಿಲ್ ಕೆಳಗಿಡುತ್ತಾರೆ. "ದುಡಿದಿದ್ದು ಲಾರಿ ಕಣಪ್ಪ. ನೀವು ಕೂತಿದ್ರಿ." ಹೊರಗಿನ ಬೆಂಚಿನಿಂದ ನಗು ಏಳುತ್ತದೆ, ಡ್ರೈವರನೂ ನಗುತ್ತಾನೆ. ಎಷ್ಟು ಚಹಾ ಎಂದರೆ ಒಂಬತ್ತು. ಒಂದಕ್ಕೆ ಎರಡು ಚಮಚ ಸಕ್ಕರೆ. "ಒಂದು ಚಮಚಕ್ಕೆ ಇಪ್ಪತ್ತು ಅಂತ ಹಿಡೀರಿ. ಹದಿನೆಂಟು ಚಮಚಕ್ಕೆ ಮುನ್ನೂರ ಅರವತ್ತಾಯ್ತು. ಒಂದೂಟಾನ ಲೋಟದಲ್ಲಿ ಕುಡೀತಿದೀರಿ. ಅರ್ಧ ಮಾಡಿ, ಉಳಿದಿದ್ದು ಆಮೇಲೆ ನೋಡೋಣ." ಚೀಟಿಯಲ್ಲಿ ಸಾವಿರದ ಏಳುನೂರ ಐವತ್ತು ಎಂದು ಬರೆದು ಮಡಚುತ್ತಾರೆ. ಅವನು ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು, "ನೀವೂ ಸ್ವಲ್ಪ ಇಳಿಸಬಹುದಲ್ಲ ಅಕ್ಕ" ಎನ್ನುತ್ತಾನೆ.

ಈ ಮಾತು ವಾರಕ್ಕೆ ಎರಡು ಸಲವಾದರೂ ಬರುತ್ತದೆ. ತೂಕದಕ್ಕ ದುಂಡಗಿದ್ದಾರೆ, ಮುಚ್ಚುಮರೆ ಏನಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಹಿಂದಿನಿಂದ ಆಡುವವರೂ ಇದ್ದಾರೆ. "ಅವರು ಹೇಳೋದು ತಪ್ಪಲ್ಲ. ಮೂರೂವರೆಗೆ ಏಳ್ತೀನಿ. ನಿಂತ್ಕೊಂಡೇ ಒಂದು ಲೋಟ ಚಹಾ, ನಾಲ್ಕು ಬಿಸ್ಕತ್ತು. ಆಮೇಲೆ ಮಧ್ಯಾಹ್ನ ಎರಡು ಗಂಟೆಗೆ ಬಾಯಿಗೆ ಬಿದ್ದಷ್ಟು. ಯಾರಿಗಾದ್ರೂ ನಾನು ಹೀಗೆ ತಿನ್ನಿ ಅಂತ ಬರೆದುಕೊಟ್ರೆ ನನ್ನನ್ನ ಕೆಲಸದಿಂದ ತೆಗೀತಾರೆ" ಎನ್ನುತ್ತಾರೆ. ಹದಿನೇಳು ವರ್ಷದಲ್ಲಿ ಈ ಯಂತ್ರದ ಮೇಲೆ ಅವರು ಒಂದು ಸಲವೂ ನಿಂತಿಲ್ಲ. ಕಬ್ಬಿಣದ ಕಲ್ಲು ಮಾತ್ರ ದಿನಾ ನಿಲ್ಲುತ್ತದೆ.

ಮನೆಯಲ್ಲಿ ಇರುವುದು ಇಬ್ಬರೇ. ಯಜಮಾನರಿಗೆ ಒಂದು ಮುದ್ರಣಾಲಯದಲ್ಲಿ ರಾತ್ರಿ ಕಾವಲು. ಅವರು ಒಳಗೆ ಬರುವ ಹೊತ್ತಿಗೆ ಇವರು ಹೊರಡುವ ಹೊತ್ತು. "ನಮ್ಮದು ಹೊಸ್ತಿಲ ಮೇಲಿನ ಸಂಸಾರ. ಐದು ನಿಮಿಷ ಮಾತಾಡ್ತೀವಿ. ಅದ್ರಲ್ಲಿ ಮೂರು ನಿಮಿಷ ಬೀಗದ ಕೈ ಎಲ್ಲಿ ಅಂತ ಹುಡುಕೋದು" ಎಂದು ಹೇಳುವಾಗ ದನಿಯಲ್ಲಿ ದೂರಿಲ್ಲ, ಸುಸ್ತು ಇದೆ. ನಿವೃತ್ತಿಯ ಮೇಲೆ ಏನು ಮಾಡುತ್ತೀರಿ ಎಂದರೆ ಯೋಚಿಸದೆ ಹೇಳುವ ಉತ್ತರ: "ಮಲಗ್ತೀನಿ."

ಬೆಂಚಿನ ಸಾಲು ಸರಿಯುತ್ತದೆ. ಒಂಬತ್ತು ಗಂಟೆಯ ಹೊತ್ತಿಗೆ ಹದಿನಾರು ಜನ ಮುಗಿದಿದ್ದಾರೆ. ಪ್ರತಿಯೊಬ್ಬರಿಗೂ ಅದೇ ಪ್ರಶ್ನೆ, ನಿನ್ನೆ ಬೆಳಿಗ್ಗೆಯಿಂದ ಹೇಳಿ. ಒಬ್ಬ ಗುಮಾಸ್ತ ತನ್ನ ಮೇಜಿನಿಂದ ಸಾಹೇಬರ ಮೇಜಿಗೆ ನಡೆದದ್ದನ್ನೂ ಲೆಕ್ಕಕ್ಕೆ ಸೇರಿಸಿ ಹೇಳುತ್ತಾನೆ. ಅವನ ಹಿಂದೆ ಬಂದ ಹೆಂಗಸು, ಮೂರು ಮನೆಯ ಪಾತ್ರೆ ತೊಳೆಯುವವಳು, 'ಅಂಥದ್ದೇನಿಲ್ಲ' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾಳೆ. "ನೋಡಿದ್ರಾ? ಗಂಡಸರು ಕುರ್ಚಿಯಿಂದ ಎದ್ದಿದ್ದನ್ನೂ ಕೆಲಸ ಅಂತಾರೆ. ಹೆಂಗಸರು ಹೊತ್ತಿದ್ದನ್ನೂ ಮರೀತಾರೆ. ಸುಳ್ಳು ಹೇಳ್ತಾರೆ ಅಂತಲ್ಲ. ಅವರಿಗೇ ಅದು ಕೆಲಸ ಅಂತ ಗೊತ್ತಿಲ್ಲ."

ಇದು ತೂಕದಕ್ಕನಿಗೆ ಪುಸ್ತಕದಿಂದ ಬಂದ ಬುದ್ಧಿಯಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ ಬಂದದ್ದು. ಅದರ ಸಾಕ್ಷಿಯೇ ಡಬ್ಬಿಯ ಮುಂದೆ ನಿಂತಿರುವ ಆ ಹಳದಿ ಕಾರ್ಡು.

ಎರಡು ವರ್ಷದ ಹಿಂದೆ ಮಂಡಿ ವಿಭಾಗದವರು ಒಬ್ಬ ಹೆಂಗಸನ್ನು ಕಳಿಸಿದರು. ನಲವತ್ತಾರು ವರ್ಷ, ಎಂಬತ್ತೆರಡು ಕೆಜಿ, ನೂರ ಐವತ್ತಾರು ಸೆಂಟಿಮೀಟರು. ತೂಕ ಇಳಿಯದಿದ್ದರೆ ಮಂಡಿ ಉಳಿಯುವುದಿಲ್ಲ ಎಂದಿದ್ದರು. ಮಾತು ಕಡಿಮೆ. "ಏನು ಕೆಲಸ ಮಾಡ್ತೀರಿ?" ಎಂದು ತೂಕದಕ್ಕ ಕೇಳಿದರು. ಆಗಿನ್ನೂ ಅವರ ಪ್ರಶ್ನೆ ಅಷ್ಟೇ ಇತ್ತು. "ಏನಿಲ್ಲ, ಮನೇಲೇ ಇರ್ತೀನಿ" ಎಂದಳು ಆಕೆ. ಕೂತೇ ಇರುವವರ ಅಂಕಿಯಿಂದ ಗುಣಿಸಿ, ಐನೂರು ಕಳೆದಾಗ ಸಾವಿರದ ನೂರ ಎಂಬತ್ತೈದು ಬಂತು. ಅಷ್ಟು ಕೆಳಗೆ ಹೋಗಬಾರದೆಂದು ಸಾವಿರದ ಇನ್ನೂರು ಎಂದು ಬರೆದುಕೊಟ್ಟರು. ಮಂಗಳವಾರ ಸಹಿಯೂ ಬಿತ್ತು.

ಆಕೆ ಹೇಳಿದ ಮಾತಿಗೆ ಕಟ್ಟುಬಿದ್ದವಳು. ಚೀಟಿಯಲ್ಲಿ ಇದ್ದದ್ದಕ್ಕಿಂತ ಒಂದು ತುತ್ತು ಹೆಚ್ಚು ತಿನ್ನಲಿಲ್ಲ. ಮೂರು ವಾರಕ್ಕೆ ಮೂರು ಕೆಜಿ, ಆರು ವಾರಕ್ಕೆ ಐದೂವರೆ ಕೆಜಿ ಇಳಿದಳು. ಬೆಂಚಿನವರಿಗೆಲ್ಲ ಅವಳನ್ನು ತೋರಿಸಿ ತೂಕದಕ್ಕ, "ನೋಡಿ ಕಲೀರಿ" ಎಂದರು.

"ಅಲ್ಲೇ ನನಗೆ ಗೊತ್ತಾಗಬೇಕಿತ್ತು" ಎನ್ನುತ್ತಾರೆ ಈಗ. ಪೆನ್ಸಿಲಿನ ತುದಿ ಮೇಜಿನ ಮೇಲೆ ಒಂದೇ ಜಾಗದಲ್ಲಿ ಕುಟ್ಟುತ್ತಿದೆ. "ವಾರಕ್ಕೆ ಅರ್ಧ ಕೆಜಿ ಇಳೀಬೇಕಾಗಿದ್ದು ಹೆಚ್ಚೂಕಮ್ಮಿ ಒಂದೊಂದು ಕೆಜಿ ಇಳೀತಿತ್ತು. ಮೆಷಿನ್ನು ಅರ್ಧ ಕೆಜಿ ತಪ್ಪು ತೋರಿಸಿದ್ರೆ ತಿರುಪು ತಿರುಗಿಸ್ತೀನಿ. ನನ್ನ ಲೆಕ್ಕ ತಪ್ಪಿದೆ ಅಂತ ಅವಳ ಮೈಯೇ ತೋರಿಸ್ತಿತ್ತು, ನಾನು ಭೇಷ್ ಅಂದೆ."

ಒಂಬತ್ತನೇ ವಾರ ಆಕೆ ಬರಲಿಲ್ಲ. ಹನ್ನೆರಡನೇ ವಾರವೂ ಇಲ್ಲ. ಅಷ್ಟು ಕಟ್ಟುನಿಟ್ಟಿನವಳು ಎಲ್ಲಿ ಹೋದಳೆಂದು, ಒಂದು ರಜೆಯ ದಿನ ತೂಕದಕ್ಕ ಕಾರ್ಡಿನಲ್ಲಿದ್ದ ವಿಳಾಸ ಹಿಡಿದು ಹೊರಟರು. ಹಳೆಯ ವಸತಿ ಕಟ್ಟಡ, ನಾಲ್ಕನೇ ಮಹಡಿ. ಲಿಫ್ಟಿನ ಬಾಗಿಲಿಗೆ ಹಲಗೆ ಹೊಡೆದು ಮೂರು ವರ್ಷವಾಗಿತ್ತು. ಎಪ್ಪತ್ತೆರಡು ಮೆಟ್ಟಿಲು. ಕೈಯಲ್ಲಿ ಒಂದು ಕೈಚೀಲ ಬಿಟ್ಟರೆ ಬೇರೇನೂ ಇಲ್ಲದ ತೂಕದಕ್ಕನಿಗೆ ಮೂರನೇ ಮಹಡಿಗೇ ಏದುಸಿರು. ಕೆಳಗಿಂದ ಒಬ್ಬ ಮುದುಕ ಅರ್ಧ ಬಕೆಟ್ ನೀರು ಹೊತ್ತು ಬರುತ್ತಿದ್ದ. ಕೇಳಿದರೆ, ನೀರು ಮೇಲೆ ಏರುವುದಿಲ್ಲ, ಅಂಗಳದ ನಲ್ಲಿಯಿಂದಲೇ ಎಲ್ಲರೂ ಹೊರಬೇಕು ಎಂದ.

ಬಾಗಿಲು ತೆರೆದವಳ ಎಡಗೈಗೆ ಪ್ಲಾಸ್ಟರ್ ಇತ್ತು. ಒಳಗೆ ಮಂಚದ ಮೇಲೆ ಅತ್ತೆ, ನಾಲ್ಕು ವರ್ಷದಿಂದ ಮಲಗಿದಲ್ಲೇ. ಮೈ ದಪ್ಪದ ಮುದುಕಿ. ಅವರನ್ನು ಎತ್ತಿ ಕೂರಿಸಿ, ಮಗ್ಗುಲು ಬದಲಿಸಿ, ಒರೆಸಿ, ಬಟ್ಟೆ ಬದಲಿಸುವುದು ದಿನಕ್ಕೆ ಎಂಟು ಹತ್ತು ಸಲ. ಮೂವರ ಬಟ್ಟೆ, ಹಾಸಿಗೆಯ ಬಟ್ಟೆ ಒಗೆಯಲು ದಿನಕ್ಕೆ ಹತ್ತು ಬಕೆಟ್ ನೀರು. ಅದರ ಮೇಲೆ ವಾರಕ್ಕೆ ಎರಡು ಸಲ ಕಟ್ಟಡದ ಮೆಟ್ಟಿಲು ತೊಳೆಯುವ ಸರದಿ. ಇದೇ ಆಕೆಯ 'ಏನಿಲ್ಲ'. ಬಕೆಟ್ ಹೊತ್ತು ಬರುವಾಗ ಎರಡನೇ ಮಹಡಿಯ ತಿರುವಿನಲ್ಲಿ ತಲೆ ತಿರುಗಿತು, ಬಿದ್ದಳು, ಮಣಿಕಟ್ಟು ಮುರಿಯಿತು. ಇಷ್ಟನ್ನೂ ಆಕೆ ನಾಲ್ಕು ಮಾತಿನಲ್ಲಿ ಹೇಳಿದಳು. ಬಯ್ಯಲಿಲ್ಲ. ಒಳಗಿನಿಂದ ಬಂದ ಗಂಡ ಮಾತ್ರ, "ನಿಮ್ಮ ಲೆಕ್ಕ ಸಾಕಮ್ಮ, ದಯವಿಟ್ಟು ಹೊರಡಿ" ಎಂದ.

ತೂಕದಕ್ಕ ಕೆಳಗಿಳಿದು ಕೊನೆಯ ಮೆಟ್ಟಿಲ ಮೇಲೆ ಕೂತರು. ಕೈಚೀಲದಿಂದ ಪೆನ್ಸಿಲ್ ತೆಗೆದು ಕಾರ್ಡಿನ ಹಿಂಬದಿಯಲ್ಲಿ ಮತ್ತೆ ಗುಣಿಸಿದರು, ಈ ಸಲ ಮೈ ಬಗ್ಗಿಸಿ ದುಡಿಯುವವರ ಅಂಕಿಯಿಂದ. ಸಾವಿರದ ಆರುನೂರ ಎಪ್ಪತ್ತಾರು ಬಂತು. ಸಾವಿರದ ಏಳುನೂರು ಎಂದೇ ಹಿಡಿಯಬಹುದು. "ದಿನಕ್ಕೆ ಐನೂರು ಕ್ಯಾಲೊರಿ. ಹೊಟ್ಟೆ ತುಂಬ ಒಂದೂಟ. ಒಂಬತ್ತು ವಾರ ದಿನಕ್ಕೊಂದೂಟ ಅವಳ ಬಾಯಿಂದ ಕಿತ್ಕೊಂಡಿದ್ದೆ ನಾನು. ಮತ್ತೆ ಮೇಲೆ ಹತ್ತಿ ಹೇಳೋಣ ಅಂದ್ರೆ ಮುಖ ಇರ್ಲಿಲ್ಲ" ಎನ್ನುತ್ತಾರೆ.

ಆಮೇಲೆ ಆಸ್ಪತ್ರೆಯ ಜವಾನನ ಕೈಯಲ್ಲಿ ಎರಡು ಸಲ ಹೇಳಿ ಕಳಿಸಿದರು. ಆಕೆ ಬರಲಿಲ್ಲ. ಹೊಸ ಅಂಕಿಯನ್ನೇ ಚೀಟಿಯಲ್ಲಿ ಬರೆದು ಕಳಿಸಬಹುದಿತ್ತಲ್ಲ ಎಂದರೆ ತಲೆ ಅಲ್ಲಾಡಿಸುತ್ತಾರೆ. "ಮುಖ ನೋಡದೆ, ಕೇಳದೆ ಬರೆದುಕೊಟ್ಟಿದ್ದಕ್ಕೇ ಅಲ್ವಾ ಇಷ್ಟೆಲ್ಲ ಆಗಿದ್ದು? ಮತ್ತೆ ಹಾಗೇ ಮಾಡ್ಲಾ?" ಅಂದಿನಿಂದ ಈ ಕೋಣೆಯಲ್ಲಿ 'ಏನು ಕೆಲಸ' ಎಂಬ ಪ್ರಶ್ನೆ ಇಲ್ಲ. ಏಳು ನಿಮಿಷದ ಕೆಲಸ ಹನ್ನೊಂದಾದದ್ದು ಅಂದಿನಿಂದಲೇ. ಎರಡು ವರ್ಷ ದಾಟಿದ ಕಾರ್ಡುಗಳನ್ನೆಲ್ಲ ಹರಿದುಹಾಕಲು ಮೊನ್ನೆ ಆದೇಶ ಬಂದಿದೆ. ಎರಡು ಚೀಲ ತುಂಬಿ ಹೊರಗೆ ಹೋಯಿತು. ಈ ಒಂದು ಮಾತ್ರ ರಾತ್ರಿ ಖಾನೆಯಲ್ಲಿ, ಹಗಲು ಡಬ್ಬಿಯ ಮುಂದೆ.

ಹತ್ತೂ ಕಾಲಾಗಿದೆ. ಜವಾನ ಬಾಗಿಲಿಂದ ತಲೆ ಹಾಕಿ, "ಇಪ್ಪತ್ಮೂರು" ಎಂದು ಕೂಗಿ ಹೋಗುತ್ತಾನೆ. ಇಬ್ಬರು ಹೆಂಗಸರು ಒಳಗೆ ಬರುತ್ತಾರೆ. ಮುಂದಿನವಳು ಮೂವತ್ತರ ಆಸುಪಾಸು, ಮುಖ ಊದಿಕೊಂಡಿದೆ, ಕೈಯಲ್ಲಿ ಡಾಕ್ಟರರ ಚೀಟಿ. ಹಿಂದಿನವಳು ಕುರ್ಚಿ ನೋಡದೆ ಗೋಡೆಗೆ ಒರಗಿ ನಿಲ್ಲುತ್ತಾಳೆ. ತೂಕದಕ್ಕ ಮುಂದಿನವಳ ಚೀಟಿ ತೆಗೆದುಕೊಂಡು ಕನ್ನಡಕ ಸರಿಮಾಡಿಕೊಳ್ಳುತ್ತಾರೆ. ತೂಕ, ಎತ್ತರ, ವಯಸ್ಸು. ಪೆನ್ಸಿಲ್ ಓಡುತ್ತದೆ.

"ನಿನ್ನೆ ಬೆಳಿಗ್ಗೆ ಎದ್ದಾಗಿಂದ ಏನೇನು ಮಾಡಿದ್ರಿ, ಹೇಳಮ್ಮ."

"ಏನಿಲ್ಲಕ್ಕ. ಮನೇಲೇ ಇದ್ದೆ."

"ಏನಿಲ್ಲ ಅನ್ಬೇಡ" ಎನ್ನುತ್ತದೆ ಗೋಡೆಯ ಕಡೆಯ ದನಿ. "ಐದು ಗಂಟೆಗೆ ನೀರು ಹೊತ್ತೆಯಲ್ಲ, ಅಲ್ಲಿಂದ ಶುರು ಮಾಡು. ಎಲ್ಲಾ ಹೇಳು. ನಾನು ಹೇಳದೆ ಬಿದ್ದಿದ್ದು ಸಾಕು."

ಪೆನ್ಸಿಲ್ ನಿಲ್ಲುತ್ತದೆ. ತೂಕದಕ್ಕ ತಲೆ ಎತ್ತಿ ನೋಡುತ್ತಾರೆ. ಆ ಹೆಂಗಸಿನ ಎಡ ಮಣಿಕಟ್ಟು ಸ್ವಲ್ಪ ಸೊಟ್ಟಗೆ ಕೂಡಿದೆ. ಕಾರ್ಡಿನ ಒಡತಿ.

"ನಾನು ಇವಳ ಜೊತೆಗೆ ಬಂದಿದೀನಿ ಅಷ್ಟೆ. ಎದುರು ಮನೆಯವಳು. ಒಬ್ಬಳೇ ಬರೋಕೆ ಹೆದರಿದ್ಲು" ಎನ್ನುತ್ತಾಳೆ ನಾಲ್ಕನೇ ಮಹಡಿಯವಳು, ಕಿಟಕಿ ನೋಡುತ್ತಾ. ಎರಡು ವರ್ಷ ತೂಕದಕ್ಕ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ. ಅವರು ಎದುರುಮನೆಯವಳ ನಿನ್ನೆಯನ್ನು ಪೂರ್ತಿ ಕೇಳುತ್ತಾರೆ. ನೀರು, ಬಟ್ಟೆ, ಮೆಟ್ಟಿಲು, ಇಬ್ಬರು ಮಕ್ಕಳು. ಮರೆತದ್ದನ್ನು ಗೋಡೆಯ ಕಡೆಯಿಂದ ನೆನಪಿಸಲಾಗುತ್ತದೆ. ಚೀಟಿ ಬರೆದು ಮಡಚಿ ಕೊಡುತ್ತಾರೆ. ಆಮೇಲೆ ಡಬ್ಬಿಯ ಮುಂದಿನ ಹಳದಿ ಕಾರ್ಡು ತೆಗೆದು ಮೇಜಿನ ಆ ಕಡೆಗೆ ಸರಿಸುತ್ತಾರೆ.

ನಾಲ್ಕನೇ ಮಹಡಿಯವಳು ಮೊದಲು ಮುಟ್ಟುವುದಿಲ್ಲ. ಆಮೇಲೆ ಬಲಗೈಯಲ್ಲಿ ಎತ್ತಿಕೊಳ್ಳುತ್ತಾಳೆ. ಸಾವಿರದ ಇನ್ನೂರರ ಮೇಲೆ ಅಡ್ಡಗೆರೆ. ಕೆಳಗೆ ಸಾವಿರದ ಏಳುನೂರು. ಪಕ್ಕದಲ್ಲಿ ಎರಡು ವರ್ಷದ ಹಿಂದಿನ ತಾರೀಕು.

"ಇಷ್ಟು ತಿನ್ನಬಹುದಿತ್ತಾ ನಾನು?"

"ತಿನ್ನಬೇಕಾಗಿತ್ತು. ತಪ್ಪು ನನ್ನದು. ನಾನು ಸರಿಯಾಗಿ ಕೇಳ್ಲಿಲ್ಲ."

"ರಾತ್ರಿ ಹೊಟ್ಟೆ ಹಸಿದು ನಿದ್ದೆ ಬರ್ತಿರ್ಲಿಲ್ಲ ನಂಗೆ. ನನ್ನದೇ ದುರಾಸೆ ಅನ್ಕೊಂಡಿದ್ದೆ." ಆಕೆ ಕಾರ್ಡನ್ನು ಮೇಜಿನ ಮೇಲೆ ಇಡುತ್ತಾಳೆ. "ನಾನೂ ಸರಿಯಾಗಿ ಹೇಳ್ಲಿಲ್ಲ ಬಿಡಿ."

ಇದನ್ನು ಕ್ಷಮೆ ಎನ್ನಬಹುದೋ ಇಲ್ಲವೋ ಗೊತ್ತಿಲ್ಲ. ಆಕೆಯ ಮುಖ ನಗುತ್ತಿಲ್ಲ. ಆದರೂ ಆಕೆ ಚಪ್ಪಲಿ ಬಿಡುತ್ತಾಳೆ, ಯಂತ್ರದ ಮೇಲೆ ನಿಲ್ಲುತ್ತಾಳೆ, ತಗಡಿನ ಹೂವನ್ನು ನೋಡುತ್ತಾಳೆ. ಮುಳ್ಳು ಆಡಿ ನಿಲ್ಲುತ್ತದೆ. ತೂಕದಕ್ಕ ಬಾಯಿಬಿಟ್ಟು ಏನನ್ನೂ ಹೇಳದೆ ಬರೆದುಕೊಳ್ಳುತ್ತಾರೆ.

"ಆ ಸಾವಿರದ ಏಳುನೂರು ಈಗ ನಂಗೆ ಜಾಸ್ತಿ ಆಗತ್ತೇನೋ" ಎನ್ನುತ್ತಾಳೆ ಆಕೆ, ಕೆಳಗಿಳಿದು. "ಅತ್ತೆ ಹೋಗಿ ಆರು ತಿಂಗಳಾಯ್ತು. ಈಗ ನಿಜವಾಗ್ಲೂ ಏನಿಲ್ಲ."

ಎರಡು ವರ್ಷ ದಿನಾ ಬೆಳಿಗ್ಗೆ ತೆಗೆದು ದಿನಾ ಮಧ್ಯಾಹ್ನ ಒಳಗಿಟ್ಟು ಕಾದ ಅಂಕಿ ಹೀಗೆ ಒಂದು ಮಾತಿಗೆ ಹಳತಾಗುತ್ತದೆ. ತೂಕದಕ್ಕ ಕಾರ್ಡನ್ನು ಒಂದು ಸಲ ನೋಡಿ, ಆ ಸಾವಿರದ ಏಳುನೂರರ ಮೇಲೂ ಅಡ್ಡಗೆರೆ ಎಳೆಯುತ್ತಾರೆ. ಹೊಸ ಕಾರ್ಡು ತೆಗೆಯುತ್ತಾರೆ. ಪೆನ್ಸಿಲ್ ಚೂಪು ಮಾಡುತ್ತಾರೆ. ಕುರ್ಚಿಯನ್ನು ಹತ್ತಿರಕ್ಕೆ ಎಳೆದು, "ಕೂತ್ಕೊಳ್ಳಿ. ನಿನ್ನೆ ಬೆಳಿಗ್ಗೆ ಎದ್ದಾಗಿಂದ ಹೇಳಿ" ಎನ್ನುತ್ತಾರೆ.

ಆಕೆ ಕೂರುತ್ತಾಳೆ. ಹೇಳತೊಡಗುತ್ತಾಳೆ. ಐದಕ್ಕೆ ಎದ್ದೆ, ನಾಲ್ಕು ಬಕೆಟ್ ನೀರು. ಮೂರನೇ ಮಹಡಿಯ ಮುದುಕನಿಗೂ ಎರಡು ಬಕೆಟ್, ಪಾಪ ಅವರಿಗೀಗ ಆಗುವುದಿಲ್ಲ. ಎದುರು ಮನೆಯ ಮಕ್ಕಳನ್ನು ಶಾಲೆಗೆ ಬಿಟ್ಟು ಬಂದೆ. ಹಾಂ, ಅದಕ್ಕೆ ಮುಂಚೆ ಮೆಟ್ಟಿಲು. ತೂಕದಕ್ಕ ಒಂದೊಂದನ್ನೂ ಬರೆದುಕೊಳ್ಳುತ್ತಾರೆ. ಹನ್ನೊಂದು ನಿಮಿಷ ದಾಟುತ್ತದೆ, ಹದಿನೈದೂ ದಾಟುತ್ತದೆ. ಹೊರಗೆ ಬೆಂಚಿನವರು ಗೊಣಗತೊಡಗಿದ್ದಾರೆ. ಜವಾನ ಬಾಗಿಲು ತಟ್ಟಿ ತಲೆ ಹಾಕುತ್ತಾನೆ. "ಅಕ್ಕ, ಏನಿದು ಇಷ್ಟು ಹೊತ್ತು? ದೊಡ್ಡ ಡಾಕ್ಟರು ಕಾರಿಡಾರಲ್ಲೇ ಬರ್ತಿದಾರೆ."

"ಬರ್ಲಿ ಬಿಡಪ್ಪ" ಎನ್ನುತ್ತಾರೆ ತೂಕದಕ್ಕ, ಕಾರ್ಡಿನಿಂದ ಕಣ್ಣು ಎತ್ತದೆ. "ಇವರ ನಿನ್ನೆ ಇನ್ನೂ ಮುಗಿದಿಲ್ಲ. ಈಗಷ್ಟೇ ಮಧ್ಯಾಹ್ನಕ್ಕೆ ಬಂದಿದೀವಿ."